ಫೋಲ್ಡಿಂಗ್ ಕ್ಯಾಂಪರ್‌ಗೆ ಆನಿಂಗ್ ಕಟ್ಟಿದ್ದು: ಕೋಲು, ಜಿಪ್, ಗೂಟಗಳ ಲೆಕ್ಕ

ಇಂಗ್ಲೆಂಡಿನಲ್ಲಿ ಹಳೆಯ ಫೋಲ್ಡಿಂಗ್ ಕ್ಯಾಂಪರ್ ಕೊಂಡರೆ ಅದರ ಜೊತೆಗೇ ಆನಿಂಗ್, ಅಂದರೆ ಗಾಡಿಯ ಪಕ್ಕಕ್ಕೆ ಸೇರಿಸಿ ಕಟ್ಟುವ ಬಟ್ಟೆಯ ಕೋಣೆ, ಕೂಡ ಸಿಗುವುದುಂಟು. ಬಟ್ಟೆ ಒಂದು ಚೀಲದಲ್ಲಿ, ಕಬ್ಬಿಣದ ಕೋಲುಗಳು ಇನ್ನೊಂದರಲ್ಲಿ. ಯಾವ ಕೋಲು ಎಲ್ಲಿಗೆ ಎಂದು ತೋರಿಸುವ ಹಾಳೆ ಮಾತ್ರ ಇರುವುದಿಲ್ಲ. ನಮಗೆ ಸಿಕ್ಕಿದ್ದೂ ಹಾಗೇ. ಆ ಎರಡು ಚೀಲಗಳಿಂದ ಮಳೆ ತಡೆಯುವ ಒಂದು ಕೋಣೆ ಎಬ್ಬಿಸಿದ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕ್ಯಾಂಪ್‌ಸೈಟಿನಲ್ಲಿ ಮಾಡಿದ್ದಕ್ಕಿಂತ ಮನೆ ಮುಂದೆ ಮಾಡಿದ ಕೆಲಸವೇ ಜಾಸ್ತಿ. ಆನಿಂಗ್ ವಿಷಯದಲ್ಲಿ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಗೊತ್ತಿಲ್ಲದವರಿಗೆ ಒಂದು ಮಾತು. ಫೋಲ್ಡಿಂಗ್ ಕ್ಯಾಂಪರ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ತಗ್ಗು ಪೆಟ್ಟಿಗೆ. ಜಾಗ ಸೇರಿದ ಮೇಲೆ ಮುಚ್ಚಳ ಎರಡೂ ಕಡೆಗೆ ತೆರೆದುಕೊಂಡು ಹಾಸಿಗೆಯ ಹಲಗೆ ಆಗುತ್ತದೆ. ನಡುವೆ ಕ್ಯಾನ್ವಾಸ್ ಗೋಡೆ, ಮಾಡು ಏಳುತ್ತವೆ. ಒಳಗೆ ಒಲೆ, ಸಿಂಕು, ಬೆಂಚು ಎಲ್ಲ ಇರುತ್ತವೆ. ಲ್ಯಾಂಕಾಶೈರಿನ ಅಕ್ರಿಂಗ್ಟನ್‌ನ ಪೆನೈನ್, ವಿಗನ್‌ನ ಡ್ಯಾಂಡಿ, ಮತ್ತೆ ಕಾನ್ವೇ, ಹಳೆ ಗಾಡಿ ಹುಡುಕುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಹೆಸರುಗಳು ಇವು. ಲೈಸೆನ್ಸಿನ ತಲೆನೋವೂ ಈಗ ಇಲ್ಲ. 1997ರ ನಂತರ ಕಾರ್ ಲೈಸೆನ್ಸ್ ಪಡೆದವರು ದೊಡ್ಡ ಟ್ರೇಲರ್ ಎಳೆಯಲು ಮೊದಲು ಬೇರೆ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್‌ನಿಂದ 3,500 ಕೆಜಿವರೆಗೆ ಅದು ಬೇಡ. ಇಲ್ಲಿಗೆ ಬಂದ ಮೇಲೆ ಲೈಸೆನ್ಸ್ ಮಾಡಿಸಿದ ನಮ್ಮಂಥವರಿಗೆ ಇದರಿಂದ ಒಳ್ಳೆಯದೇ ಆಯಿತು.

ಈ ಗಾಡಿಯಲ್ಲಿ ನಾಲ್ಕು ಜನ ಆರಾಮಾಗಿ ಮಲಗಬಹುದು. ಆದರೆ ನಾಲ್ಕು ಜನ ಒದ್ದೆ ಬೂಟು, ಒದ್ದೆ ಕೋಟು ಹಿಡಿದುಕೊಂಡು ಒಟ್ಟಿಗೆ ಒಳಗೆ ಬರಲು ಆಗುವುದಿಲ್ಲ. ಅದಕ್ಕೇ ಆನಿಂಗ್ ಬೇಕು.

ಮೊದಲು ಕೋಲುಗಳು

ಚೀಲ ಸುರಿದಾಗ ಕಂಡಿದ್ದು ಒಂದೇ ದಪ್ಪದ, ಒಂದೇ ಬಣ್ಣದ, ಒಂದೊಂದು ಉದ್ದದ ಕೋಲುಗಳ ರಾಶಿ. ಕೆಲವಕ್ಕೆ ತುದಿಯಲ್ಲಿ ಕೊಕ್ಕೆ, ಕೆಲವಕ್ಕೆ ಮೊಳೆಯಂಥ ಮೂತಿ, ಕೆಲವಕ್ಕೆ ಪ್ಲಾಸ್ಟಿಕ್ ಪಾದ. ಇವನ್ನು ವಿಂಗಡಿಸಲು ನಾನು ಹಿಡಿದ ದಾರಿ ತುದಿ ನೋಡುವುದು. ಉದ್ದ ನೋಡಿ ಪ್ರಯೋಜನವಿಲ್ಲ, ಯಾಕೆಂದರೆ ಹೆಚ್ಚಿನವು ಒಂದರೊಳಗೆ ಒಂದು ಜಾರುವ ಕೋಲುಗಳು. ಎಷ್ಟು ಬೇಕಾದರೂ ಎಳೆಯಬಹುದು. ತುದಿ ಸುಳ್ಳು ಹೇಳುವುದಿಲ್ಲ. ಕೊಕ್ಕೆ ಇದ್ದರೆ ಅದು ಕ್ಯಾಂಪರಿನ ಚೌಕಟ್ಟಿಗೆ ಸಿಕ್ಕಿಸಿ ಮುಂದಕ್ಕೆ ಬರುವ ಜಂತೆ. ಪಾದ ಇದ್ದರೆ ನೆಲಕ್ಕೆ ನಿಲ್ಲುವ ಕಂಬ. ಎರಡೂ ತುದಿ ಬರಿದಾಗಿದ್ದರೆ ಮುಂಭಾಗದ ಅಡ್ಡ ತೊಲೆ.

ಹೀಗೆ ಮೂರು ಗುಂಪು ಮಾಡಿ ಬಣ್ಣದ ಇನ್ಸುಲೇಷನ್ ಟೇಪ್ ಸುತ್ತಿದೆ. ಜಂತೆಗೆ ಕೆಂಪು, ಕಂಬಕ್ಕೆ ನೀಲಿ, ತೊಲೆಗೆ ಹಳದಿ. ಅದರ ಮೇಲೆ ಮಾರ್ಕರಿನಲ್ಲಿ ಜ-ಎ, ಜ-ನ, ಜ-ಬ ಎಂದು ಎಡ, ನಡು, ಬಲ ಬರೆದೆ. ಎಡ ಅಂದರೆ ಯಾರ ಎಡ? ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಹೊರಗೆ ನಿಂತು ಕ್ಯಾಂಪರಿನ ಬಾಗಿಲು ನೋಡುವವರ ಎಡ ಅಂತ ನಮ್ಮ ಮನೆಯ ಕಾನೂನು. ಅಕ್ಷರದ ಮೇಲೆ ಪಾರದರ್ಶಕ ಟೇಪ್ ಇನ್ನೊಂದು ಸುತ್ತು, ಇಲ್ಲದಿದ್ದರೆ ಮಾರ್ಕರ್ ಉಜ್ಜಿ ಹೋಗುತ್ತದೆ.

ಒಂದು ಸಲ ಪೂರ್ತಿ ಕಟ್ಟಿ ಬಿಗಿ ಮಾಡಿದ ಮೇಲೆ ಜಾರುವ ಕೋಲು ಎಲ್ಲಿಗೆ ನಿಂತಿದೆಯೋ ಅಲ್ಲಿ ಇನ್ನೊಂದು ಗೆರೆ ಹಾಕಿದೆ. ಮುಂದಿನ ಸಲ ಆ ಗೆರೆಗಿಂತ ನಾಲ್ಕು ಬೆರಳು ಕಡಿಮೆ ಎಳೆದು ನಿಲ್ಲಿಸಿ, ಕೊನೆಗೆ ಗೆರೆಯವರೆಗೆ ಎಳೆದರೆ ಸಾಕು. ಈ ಒಂದು ಗೆರೆ ಉಳಿಸುವಷ್ಟು ಸಮಯವನ್ನು ಬೇರೆ ಯಾವ ಉಪಾಯವೂ ಉಳಿಸಿಲ್ಲ.

ಕೋಲುಗಳಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಸಣ್ಣ ಸ್ಟೀಲ್ ನಾರಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆದೆವು. ಅಡುಗೆ ಎಣ್ಣೆ ಹಚ್ಚಬೇಡಿ. ಧೂಳು ಹಿಡಿದು ಅಂಟಾಗುತ್ತದೆ, ಆಮೇಲೆ ಬಟ್ಟೆಗೆ ಕಲೆ. ಬಿಗಿ ಮಾಡುವ ಒಂದು ತಿರುಪು ಸವೆದು ಜಾರುತ್ತಿತ್ತು. ಅಲ್ಲಿಗೆ ಅದೇ ಅಳತೆಯ ರೆಕ್ಕೆ ತಿರುಪು ಹಾಕಿಸಿದೆ.

ಜಿಪ್ ಮತ್ತು ಬಟ್ಟೆ

ಕ್ಯಾರವಾನ್‌ಗೆ ಆನಿಂಗ್ ಸೇರಿಸುವುದು ಗಾಡಿಯ ಬದಿಯ ಅಲ್ಯೂಮಿನಿಯಂ ಕಾಲುವೆಯೊಳಗೆ ಬಟ್ಟೆಯ ದುಂಡನೆಯ ಅಂಚು ತೂರಿಸಿ. ನಮ್ಮ ಫೋಲ್ಡಿಂಗ್ ಕ್ಯಾಂಪರಿನಲ್ಲಿ ಅದಿಲ್ಲ. ಮಾಡಿನ ಅಂಚಿಗೂ ಪಕ್ಕದ ಗೋಡೆಗಳಿಗೂ ಉದ್ದನೆಯ ಜಿಪ್ ಹೊಲಿದಿದ್ದಾರೆ. ಆನಿಂಗಿನ ಅಂಚಿನಲ್ಲಿ ಅದರ ಜೋಡಿ ಇದೆ. ಹಾಗಾಗಿ ಈ ಜಿಪ್ ಕೆಟ್ಟರೆ ಆನಿಂಗೇ ಇಲ್ಲ.

ನಮ್ಮದರಲ್ಲಿ ಜಾರುಗುಂಡಿ ಓಡುತ್ತಿತ್ತು, ಆದರೆ ಅದರ ಹಿಂದೆ ಹಲ್ಲುಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಹೀಗಾದರೆ ಎಲ್ಲರೂ ಜಿಪ್ ಹೋಯಿತು ಅಂತಾರೆ. ಹೆಚ್ಚಿನ ಸಲ ಹೋಗಿರುವುದು ಜಾರುಗುಂಡಿ ಮಾತ್ರ. ಒಳಗಿನ ಬಾಯಿ ಸವೆದು ಅಗಲವಾಗಿ ಹಲ್ಲುಗಳನ್ನು ಒತ್ತಿ ಕೂಡಿಸಲು ಆಗುವುದಿಲ್ಲ. ಮೊದಲು ಇಕ್ಕಳದಲ್ಲಿ ಗುಂಡಿಯ ಹಿಂಬದಿಯ ಎರಡೂ ಪಕ್ಕ ಮೆಲ್ಲಗೆ ಒತ್ತಿ ನೋಡಿ. ಜೋರು ಮಾಡಿದರೆ ಮುರಿಯುತ್ತದೆ. ನಮಗೆ ಅದು ಕೆಲವು ಸಲ ಎಳೆಯುವವರೆಗೆ ಮಾತ್ರ ನಿಂತಿತು. ಆಮೇಲೆ ಹೊಸ ಗುಂಡಿ ತಂದೆವು. ಗುಂಡಿಯ ಬೆನ್ನ ಮೇಲೆ 8, 10 ಅಂತ ಒಂದು ಅಂಕಿ ಇರುತ್ತದೆ, ಅದು ಅಳತೆ. ಅದರ ಜೊತೆಗೆ ಜಿಪ್ ಸುರುಳಿಯದೋ ಬಿಡಿ ಹಲ್ಲಿನದೋ ಅನ್ನುವುದೂ ಮುಖ್ಯ. ಅಂಕಿ ಒಂದೇ ಆಗಿದ್ದರೂ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ತುದಿಯ ಹೊಲಿಗೆ ಬಿಚ್ಚಿ ಹಳೆಯದನ್ನು ಜಾರಿಸಿ ತೆಗೆದು, ಹೊಸದನ್ನು ಏರಿಸಿ, ದಪ್ಪ ದಾರದಲ್ಲಿ ತುದಿಯನ್ನು ಮತ್ತೆ ಕಟ್ಟಿದೆ. ಹಲ್ಲಿಗೆ ಮೇಣದ ಬತ್ತಿ ಉಜ್ಜಿದರೆ ಸಾಕು, ನಯವಾಗಿ ಓಡುತ್ತದೆ.

ಬಟ್ಟೆಯ ಮಾತು. ನಮ್ಮ ಆನಿಂಗಿನ ಮಾಡು ಹತ್ತಿ-ಪಾಲಿಯೆಸ್ಟರ್ ಸೇರಿದ ಕ್ಯಾನ್ವಾಸ್. ಹತ್ತಿಯ ಎಳೆ ನೀರು ಕುಡಿದು ಊದಿಕೊಂಡು ನೇಯ್ಗೆಯ ಸಂದು ಮುಚ್ಚುತ್ತದೆ, ಅದೇ ಅದರ ಗುಟ್ಟು. ಅದಕ್ಕೇ ಹೊಸ ಕ್ಯಾನ್ವಾಸನ್ನು ಒಂದೆರಡು ಸಲ ನೆನೆಸಿ ಒಣಗಿಸಿದ ಮೇಲೆ ಬಳಸುವುದು. ಹೊಲಿಗೆಯ ತೂತುಗಳಿಗೂ ಇದೇ ನ್ಯಾಯ, ತೇಪೆ ಹಾಕುವಾಗ ಬರೀ ನೈಲಾನ್ ದಾರ ಬೇಡ. ಹತ್ತಿ ಸುತ್ತಿದ ದಾರ ಹಾಕಿದರೆ ದಾರವೂ ಊದಿ ತೂತು ತುಂಬುತ್ತದೆ.

ಮೂಲೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳಿದ್ದವು. ಪೂರ್ತಿ ಒಣಗಿಸಿ, ಮೆತ್ತನೆಯ ಬ್ರಷ್‌ನಲ್ಲಿ ಉದುರಿಸಿ, ಬರೀ ನೀರಿನಲ್ಲಿ ಒರೆಸಿದೆವು. ಬಟ್ಟೆ ಒಗೆಯುವ ಪುಡಿ, ಬ್ಲೀಚ್ ಯಾವುದೂ ಮುಟ್ಟಿಸಲಿಲ್ಲ. ಪುಡಿ ಹಾಕಿದರೆ ನೀರು ತಡೆಯುವ ಲೇಪ ಎದ್ದುಹೋಗುತ್ತದೆ, ಬ್ಲೀಚ್ ಎಳೆಯನ್ನೇ ತಿನ್ನುತ್ತದೆ. ಚುಕ್ಕೆ ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ, ಬಿಡಿ. ಆಮೇಲೆ ತೋಟದ ಪೈಪಿನಲ್ಲಿ ನೀರು ಬಿಟ್ಟು ನೋಡಿದೆವು. ಹನಿ ದುಂಡಗೆ ಉರುಳಿದ ಕಡೆ ಲೇಪ ಇದೆ, ಬಟ್ಟೆ ಕಪ್ಪಾಗಿ ನೀರು ಹೀರಿದ ಕಡೆ ಇಲ್ಲ. ಒಣಗಿದ ಮೇಲೆ ಹೀರಿದ ಕಡೆಗೆಲ್ಲ ಫ್ಯಾಬ್ಸಿಲ್ ಹಚ್ಚಿದೆವು. ಇಲ್ಲಿ ಕ್ಯಾಂಪಿಂಗ್ ಅಂಗಡಿಗಳಲ್ಲಿ ಸಿಗುವ ಸಿಲಿಕೋನ್ ಲೇಪ ಅದು. ಘಾಟು ಜೋರು, ಬಯಲಲ್ಲೇ ಹಚ್ಚಬೇಕು.

ಕಿಟಕಿಯ ಪ್ಲಾಸ್ಟಿಕ್‌ಗೆ ಉಗುರುಬೆಚ್ಚನೆ ನೀರು ಸಾಕು. ಚಳಿಯಲ್ಲಿ ಅದು ಬಿರುಸಾಗಿರುತ್ತದೆ, ಮಡಚಿದರೆ ಸೀಳುತ್ತದೆ. ಸುತ್ತಿಯೇ ಇಡಬೇಕು.

ಬಾರೋಡೇಲ್‌ನಲ್ಲಿ

ಮೊದಲ ನಿಜವಾದ ಪರೀಕ್ಷೆಗೆ ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಗೆ ಹೋದೆವು. ಇಂಗ್ಲೆಂಡಿನಲ್ಲಿ ಜನ ವಾಸಿಸುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೀತ್‌ವೇಟ್ ಇರುವುದು ಇದೇ ಕಣಿವೆಯಲ್ಲಿ. ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ. ಬೇಸಿಗೆಗೆ ತೀರ್ಥಹಳ್ಳಿಯಿಂದ ಬಂದಿದ್ದ ಮಾವ ಇದನ್ನು ಕೇಳಿ, "ನಮ್ಮ ಆಗುಂಬೆಯಲ್ಲಿ ಇದರ ಎರಡರಷ್ಟು ಹೊಯ್ಯುತ್ತದಮ್ಮ" ಅಂದರು. ಮಾತು ಸರಿಯೇ. ಆದರೆ ಆಗುಂಬೆಯಲ್ಲಿ ಅವರು ಕ್ಯಾನ್ವಾಸ್ ಕೆಳಗೆ ಮಲಗುವುದಿಲ್ಲ, ಅಲ್ವಾ?

ಇಲ್ಲಿನ ಗಾಳಿ ಬಹಳ ಮಟ್ಟಿಗೆ ನೈಋತ್ಯದಿಂದ ಬೀಸುತ್ತದೆ. ಕ್ಯಾಂಪ್‌ಸೈಟಿನವರು ಒಪ್ಪಿದರೆ ಗಾಡಿಯ ಬೆನ್ನನ್ನು ಆ ಕಡೆಗೆ ಕೊಟ್ಟು ಆನಿಂಗನ್ನು ಮರೆಯಲ್ಲಿ ಇಡಬಹುದು. ಎಲ್ಲ ಸೈಟಿನಲ್ಲೂ ಒಪ್ಪುವುದಿಲ್ಲ. ಬೆಂಕಿ ಹರಡಬಾರದೆಂದು ಒಂದು ಗಾಡಿಗೂ ಇನ್ನೊಂದಕ್ಕೂ 6 ಮೀಟರ್ ಅಂತರ ಕೇಳುವುದು ಇಲ್ಲಿನ ರೂಢಿ. ಆ ಲೆಕ್ಕಕ್ಕೆ ಗಾಡಿ ಯಾವ ಮುಖ ಮಾಡಿ ನಿಲ್ಲಬೇಕೆಂದು ಅವರೇ ಹೇಳಿಬಿಡುತ್ತಾರೆ.

ಆಮೇಲೆ ರಸಮಟ್ಟ. ಜಾಸ್ತಿ ಜನ ಆತುರಪಡುವುದು ಇಲ್ಲೇ. ಕ್ಯಾಂಪರ್ ಒಂದು ಕಡೆ ವಾಲಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತದೆ, ಆನಿಂಗಿನ ಜಿಪ್ ಮುಕ್ಕಾಲು ದಾರಿ ಬಂದು ನಿಂತುಬಿಡುತ್ತದೆ. ಜನ ಜಿಪ್ಪಿಗೆ ಬೈಯುತ್ತಾರೆ. ಕಾರಿನಿಂದ ಬಿಚ್ಚುವ ಮೊದಲೇ ತಗ್ಗಿನ ಕಡೆಯ ಚಕ್ರವನ್ನು ಬೆಣೆಯಂಥ ಇಳಿಜಾರು ಹಲಗೆಯ ಮೇಲೆ ಹತ್ತಿಸಿ ಎಡಬಲ ಸಮ ಮಾಡಬೇಕು. ಆಮೇಲೆ ಬಿಚ್ಚಿ, ಮುಂದಿನ ಸಣ್ಣ ಚಕ್ರ ತಿರುಗಿಸಿ ಹಿಂದುಮುಂದು ಸಮ ಮಾಡಬೇಕು. ನಾಲ್ಕು ಮೂಲೆಯ ಕಾಲುಗಳನ್ನು ಕೊನೆಗೆ ಇಳಿಸುವುದು. ಅವು ಗಾಡಿ ಅಲುಗದಂತೆ ಹಿಡಿಯುವುದಕ್ಕೆ ಮಾತ್ರ. ಅವನ್ನೇ ಜಾಕಿ ಮಾಡಿಕೊಂಡು ಗಾಡಿ ಎತ್ತಿದರೆ ಚಾಸಿ ಬಾಗುತ್ತದೆ.

"ರೀ, ಬಲಗಡೆ ಇನ್ನೂ ತಗ್ಗಿದೆ, ಸ್ವಲ್ಪ ಮುಂದೆ ಬನ್ನಿ."

"ಸಾಕಲ್ವೇನೇ, ಮಲಗೋದಕ್ಕೆ ಇಷ್ಟು ಮಟ್ಟ ಸಾಕು."

ಮಲಗುವುದಕ್ಕೆ ಸಾಕು, ಜಿಪ್ಪಿಗೆ ಸಾಲದು. ಇನ್ನೊಂದು ಗೇಣು ಮುಂದೆ ಬಂದ ಮೇಲೆ ಗುಳ್ಳೆ ನಡುವೆ ನಿಂತಿತು.

ಕಟ್ಟುವ ಕ್ರಮ ಹೀಗೆ. ಕೋಲು ಮುಟ್ಟುವ ಮೊದಲೇ ಮಾಡಿನ ಜಿಪ್ ಪೂರ್ತಿ ಎಳೆಯುವುದು. ಒಬ್ಬರು ಬಟ್ಟೆಯ ಭಾರ ಹೊತ್ತು ನಿಲ್ಲಬೇಕು, ಜಿಪ್ಪಿನ ಮೇಲೆ ತೂಕ ಬೀಳಬಾರದು. ಪಕ್ಕದ ಜಿಪ್‌ಗಳು ಆಮೇಲೆ. ನಡುವಿನ ಜಂತೆ, ನಡುವಿನ ಕಂಬ ಮೊದಲು. ಅವೆರಡು ನಿಂತರೆ ಬಟ್ಟೆ ತಲೆ ಮೇಲೆ ನಿಲ್ಲುತ್ತದೆ, ಕೈ ಬಿಡುವಾಗುತ್ತದೆ. ಮೂಲೆಗಳು, ತೊಲೆಗಳು ಆಮೇಲೆ. ಎಲ್ಲ ಕೋಲೂ ಗೆರೆಗಿಂತ ನಾಲ್ಕು ಬೆರಳು ಕಡಿಮೆ.

ಗೂಟ ಹೊಡೆಯುವ ಮೊದಲು ಎಲ್ಲ ಬಾಗಿಲುಗಳ ಜಿಪ್ ಮುಚ್ಚಿರಬೇಕು. ತೆರೆದಿಟ್ಟು ಹೊಡೆದರೆ ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಮೊದಲು ಗಾಡಿಯ ಕಡೆಯ ಎರಡು ಮೂಲೆ, ಆಮೇಲೆ ಮುಂದಿನ ಎರಡು ಮೂಲೆ, ಕೊನೆಗೆ ನಡುವಿನವು. ಗೂಟದ ತಲೆ ಆನಿಂಗಿನಿಂದ ಆಚೆಗೆ ವಾಲಿರಬೇಕು, ಸುಮಾರು 45 ಡಿಗ್ರಿ. ಗಾಡಿ ನಿಲ್ಲುವ ಜಾಗಕ್ಕೆ ಜಲ್ಲಿ ಹಾಸಿದ್ದರು. ಅಲ್ಲಿ ತೆಳು ತಂತಿಯ ಗೂಟ ಬಾಗಿಹೋಗುತ್ತದೆ. ದಪ್ಪ ಮೊಳೆಯಂಥ ರಾಕ್ ಪೆಗ್, ಭಾರದ ಸುತ್ತಿಗೆ ಬೇಕು. ಹುಲ್ಲಿನ ಕಡೆಗೆ ರಬ್ಬರ್ ಕೊಡತಿ ಸಾಕು. ಗೂಟಕ್ಕೂ ಬಟ್ಟೆಗೂ ನಡುವೆ ರಬ್ಬರ್ ಉಂಗುರ ಇರುತ್ತದೆ, ಗಾಳಿಗೆ ಹಿಗ್ಗಿ ಕುಗ್ಗಲು. ಹಳೆಯ ಉಂಗುರಗಳು ಬಿಸಿಲಿಗೆ ಒಡೆದಿದ್ದವು, ಎಲ್ಲ ಹೊಸದು ಹಾಕಿದ್ದೆ. ಎಲ್ಲ ಬಿಗಿಯಾದ ಮೇಲೆ ಕೋಲುಗಳನ್ನು ಗೆರೆಯವರೆಗೆ ಎಳೆದು ತಿರುಪು ಬಿಗಿ ಮಾಡಿದೆವು. ಮಾಡು ತಮಟೆಯ ಚರ್ಮದ ಹಾಗೆ ನಿಂತಿತು.

ಬಿಗಿ ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಬಟ್ಟೆ ಜೋತುಬಿದ್ದ ಕಡೆ ಒಂದು ಲೋಟ ನೀರು ನಿಂತರೆ ಅದರ ಭಾರಕ್ಕೆ ಇನ್ನಷ್ಟು ಜೋಲುತ್ತದೆ, ಆಗ ಬಕೆಟ್ಟು ನೀರು ನಿಲ್ಲುತ್ತದೆ. ಜಂತೆಗಳ ನಡುವೆ ಹೆಚ್ಚುವರಿ ಕೋಲು ಒಂದೊಂದು ಹಾಕಿ, ಮುಂದಿನ ಒಂದು ಮೂಲೆಯನ್ನು ಸ್ವಲ್ಪ ತಗ್ಗಿಸಿಟ್ಟೆವು. ನೀರು ಹರಿದು ಹೋಗಲು ಒಂದು ದಾರಿ ಇರಲಿ ಅಂತ.

ಮಾವನಿಗೆ ಇಷ್ಟರಲ್ಲಿ ಸಮಾಧಾನ ಆಗಲಿಲ್ಲ. ಸುತ್ತಲೂ ಒಂದು ಕಾಲುವೆ ತೋಡಿಬಿಡೋಣ, ನೀರು ಒಳಗೆ ಬರುವುದಿಲ್ಲ ಅಂತ ಸನಿಕೆ ಕೇಳಿದರು. "ಮಾವ, ಇಲ್ಲಿ ಹುಲ್ಲು ಅಗೆದರೆ ನಮ್ಮನ್ನು ಹೊರಗೆ ಹಾಕುತ್ತಾರೆ" ಅಂದೆ. ಕಾಲುವೆಯ ಕೆಲಸವನ್ನು ಇಲ್ಲಿ ಮಡ್‌ಫ್ಲ್ಯಾಪ್, ಅಂದರೆ ಗೋಡೆ ಬಟ್ಟೆಯ ಬುಡಕ್ಕೆ ಹೊಲಿದ ಪಟ್ಟಿ, ಮಾಡುತ್ತದೆ. ಅದನ್ನು ಒಳಮುಖವಾಗಿ ಮಡಚಿ ನೆಲಹಾಸನ್ನು ಅದರ ಮೇಲೆ ಹಾಸಬೇಕು. ತಿರುಗಾಮುರುಗಾ ಹಾಕಿದರೆ ಗೋಡೆಯಿಂದ ಇಳಿದ ನೀರು ನೇರ ನೆಲಹಾಸಿನ ಮೇಲೆ. ಆದರೆ ಹಗ್ಗಗಳನ್ನು ಮಾವನಿಗೇ ಬಿಟ್ಟೆ. ಪ್ಲಾಸ್ಟಿಕ್ ಬಿಗಿಗುಂಡಿಗಳನ್ನು ಅವರು ನಂಬಲಿಲ್ಲ, ಪ್ರತಿಯೊಂದಕ್ಕೂ ಮೇಲೊಂದು ಜೀರುಗಂಟು ಹಾಕಿದರು. ಬಿಚ್ಚುವಾಗ ಒಂದೇ ಎಳೆತಕ್ಕೆ ಬಿಚ್ಚಿತು, ಅದನ್ನು ಒಪ್ಪಲೇಬೇಕು.

ಒಳಗಿನ ವ್ಯವಸ್ಥೆ

ಕೋಣೆ ಎದ್ದ ಮೇಲೆ ಮಕ್ಕಳು ಅದನ್ನು ಐದು ನಿಮಿಷದಲ್ಲಿ ಗೋದಾಮು ಮಾಡುತ್ತಾರೆ. ಅದಕ್ಕೆ ಮೊದಲೇ ಜಾಗ ಹಂಚಿದೆವು. ಎಡಗಡೆ ಒದ್ದೆ: ಬೂಟು, ಕೋಟು, ಟವೆಲ್. ಬಲಗಡೆ ಒಣ: ಮೇಜು, ಕುರ್ಚಿ, ಸಾಮಾನಿನ ಡಬ್ಬಿಗಳು. ನಡುವೆ ಕ್ಯಾಂಪರಿನ ಬಾಗಿಲಿಗೆ ಹೋಗುವ ದಾರಿ, ಅಲ್ಲಿ ಏನೂ ಇಡುವಂತಿಲ್ಲ. ರಾತ್ರಿ ಕತ್ತಲಲ್ಲಿ ಎದ್ದು ಹೋಗುವವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ನೆಲಹಾಸು ಗಾಳಿಯಾಡುವ ಬಲೆಯಂಥದ್ದು. ಗಟ್ಟಿ ಟಾರ್ಪಾಲು ಹಾಸಿದರೆ ಕೆಳಗಿನ ಹುಲ್ಲು ಹಳದಿಯಾಗಿ ಸಾಯುತ್ತದೆ, ಹಲವು ಸೈಟುಗಳು ಅದನ್ನು ಬಿಡುವುದಿಲ್ಲ. ಗಾಳಿಯಾಡುವುದರಿಂದ ಗೊಂಡೆಹುಳುಗಳೂ ಆಡುತ್ತವೆ, ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಬೇಕು. ತಿನ್ನುವುದೆಲ್ಲ ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ, ನೆಲದಿಂದ ಮೇಲೆ. ಇಲಿಗಳಿಗೆ ಕ್ಯಾನ್ವಾಸ್ ಒಂದು ಗೋಡೆಯೇ ಅಲ್ಲ. ಚಮಚ, ಟಾರ್ಚು, ಕತ್ತರಿಗೆ ಜೇಬುಗಳಿರುವ ಬಟ್ಟೆಯ ನೇತುಚೀಲವನ್ನು ಜಂತೆಗೆ ಎಸ್ ಕೊಕ್ಕೆಯಲ್ಲಿ ಹಾಕಿದೆ. ಗೋಡೆಯ ಬಟ್ಟೆಗೆ ಏನೂ ತಾಗಿಸಿ ಇಡಬಾರದು. ಮಳೆಯಲ್ಲಿ ಒಳಗಿನಿಂದ ತಾಗಿದ ಕಡೆ ನೀರು ಒಸರುತ್ತದೆ.

ಮೊದಲ ಬೆಳಗ್ಗೆ ಮಾಡಿನ ಒಳಗೆಲ್ಲ ಹನಿ. ಸೋರುತ್ತಿದೆ ಅಂತ ಗಾಬರಿಯಾಗಬೇಡಿ. ಹೊಲಿಗೆಯ ಸಾಲಿನಲ್ಲಿ ಮಾತ್ರ ಹನಿ ಇದ್ದರೆ ಸೋರಿಕೆ. ಎಲ್ಲ ಕಡೆ ಸಮನಾಗಿ ಇದ್ದರೆ ಅದು ನಮ್ಮದೇ ಉಸಿರಿನ ತೇವ. ಎದುರುಬದುರು ಕಿಟಕಿಗಳ ಮೇಲಂಚು ಸ್ವಲ್ಪ ತೆರೆದಿಟ್ಟು ಮಲಗಿದರೆ ಕಡಿಮೆಯಾಗುತ್ತದೆ.

ಕರೆಂಟಿನ ವಿಷಯ. ಸೈಟಿನ ಕಂಬದಿಂದ ನೀಲಿ 16 ಆಂಪ್ ಪ್ಲಗ್ಗಿನ ಕಿತ್ತಳೆ ಬಣ್ಣದ ಕೇಬಲ್ ಬರುತ್ತದೆ. ನಮ್ಮದು 25 ಮೀಟರ್. ಉಳಿದದ್ದನ್ನು ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗಬಹುದು, ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಸಡಿಲವಾಗಿ ಹರಡಬೇಕು. ಕೆಲವು ಸೈಟುಗಳು 10 ಆಂಪ್ ಮಾತ್ರ ಕೊಡುತ್ತವೆ, ಅಂದರೆ 2,300 ವಾಟ್. ಮನೆಯ ಕೆಟಲ್ ಒಂದೇ 3,000 ವಾಟ್ ಎಳೆಯುತ್ತದೆ. ಹಾಗಾಗಿ ಚಿಕ್ಕ ಕೆಟಲ್. ಅನ್ನದ ಕುಕ್ಕರ್ ಓಡುವಾಗ ಹೀಟರ್ ಇಲ್ಲ.

ಅಡುಗೆಗೆ ಎರಡು ನಿಯಮ. ಒಗ್ಗರಣೆ ಗಾಡಿಯೊಳಗೂ ಇಲ್ಲ, ಆನಿಂಗಿನೊಳಗೂ ಇಲ್ಲ. ಸಾಸಿವೆ, ಇಂಗು, ಒಣಮೆಣಸಿನ ಹೊಗೆ ಕ್ಯಾನ್ವಾಸಿಗೂ ಹಾಸಿಗೆಯ ಫೋಮಿಗೂ ಹಿಡಿದರೆ ಚಳಿಗಾಲ ಕಳೆದರೂ ಹೋಗುವುದಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಸೇರಿಸಿಟ್ಟ ಗೊಜ್ಜವಲಕ್ಕಿ ಪುಡಿ ಮನೆಯಿಂದಲೇ ಬರುತ್ತವೆ. ದೋಸೆಯ ಒಲೆ ಬಯಲಲ್ಲಿ, ಗಾಳಿತಡೆಯ ಹಿಂದೆ. ಅದಕ್ಕೆ ಪ್ರೊಪೇನ್ ಸಿಲಿಂಡರ್ ಒಳ್ಳೆಯದು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಏಪ್ರಿಲ್ ಬೆಳಗಿನ ಚಳಿಯಲ್ಲೇ ಜ್ವಾಲೆ ಕುಗ್ಗುತ್ತದೆ.

ಎರಡನೆಯದು ತಮಾಷೆಯಲ್ಲ. ಇದ್ದಿಲ ಬಾರ್ಬೆಕ್ಯೂವನ್ನು ಯಾವ ಕಾರಣಕ್ಕೂ ಆನಿಂಗಿನೊಳಗೆ ತರಬಾರದು. ಆರಿದಂತೆ ಕಂಡರೂ, ಬಾಗಿಲು ತೆರೆದಿದ್ದರೂ ಬೇಡ. ತಣ್ಣಗಾಗುತ್ತಿರುವ ಇದ್ದಿಲು ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿಗೆ ಅಂತ ಒಳಗೆ ತಂದು ಮಲಗಿದವರು ಈ ದೇಶದ ಕ್ಯಾಂಪ್‌ಸೈಟುಗಳಲ್ಲೇ ಸತ್ತಿದ್ದಾರೆ. ಗಾಡಿಯೊಳಗೆ ಅಲಾರಂ ಇಟ್ಟಿದ್ದೇವೆ. ಕೊಳ್ಳುವಾಗ ಡಬ್ಬಿಯ ಮೇಲೆ ಇಎನ್ 50291-2 ಅಂತ ಇದೆಯೇ ನೋಡಿ, ಅದು ಇಂಥ ಗಾಡಿಗಳಿಗೆ ಇರುವ ಮಾನದಂಡ.

ಗಾಳಿ, ಬಿಚ್ಚುವುದು, ಇಡುವುದು

ಹೋಗುವ ಮೊದಲು ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಗಾಳಿ ಮುನ್ಸೂಚನೆ ನೋಡುತ್ತೇವೆ. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಲೆಕ್ಕದಲ್ಲಿ 6 ಅಂದರೆ ಗಂಟೆಗೆ 25ರಿಂದ 31 ಮೈಲಿ, ಕೊಡೆ ಹಿಡಿಯುವುದು ಕಷ್ಟ. ಅಲ್ಲಿಯವರೆಗೆ ಆನಿಂಗನ್ನು ನೆಲಕ್ಕೆ ಬಿಗಿಯುವ ಪಟ್ಟಿ, ಸ್ಟಾರ್ಮ್ ಸ್ಟ್ರಾಪ್ ಹಾಕಿ, ಗಾಳಿ ಬರುವ ಕಡೆಯ ಬಾಗಿಲು ಮುಚ್ಚಿ ತಡೆದುಕೊಳ್ಳುತ್ತೇವೆ. 7 ಅಂತ ಹೇಳಿದರೆ ಬೆಳಕಿರುವಾಗಲೇ ಇಳಿಸಿಬಿಡುವುದು. ಕೋಲು ಬಾಗಿದರೂ ಪರವಾಗಿಲ್ಲ, ಆನಿಂಗ್ ಎಳೆದಾಗ ಕ್ಯಾಂಪರಿನ ಮಾಡಿನ ಜಿಪ್ ಕಿತ್ತುಬಂದರೆ ಮಲಗುವ ಜಾಗವೇ ಹೋಯಿತು.

ಬಿಚ್ಚುವಾಗ ಕಟ್ಟಿದ್ದರ ಉಲ್ಟಾ. ಕೋಲುಗಳನ್ನು ಬಣ್ಣದ ಪ್ರಕಾರ ಮೂರು ಕಟ್ಟು ಮಾಡಿ, ಮೊದಲು ಬೇಕಾಗುವ ಕೆಂಪು ಕಟ್ಟನ್ನು ಕೊನೆಗೆ ಚೀಲಕ್ಕೆ ಹಾಕುತ್ತೇವೆ. ಈ ಚೀಲ ಭಾರ. ಗಾಡಿಯಲ್ಲಿ ಅದರ ಜಾಗ ಆಕ್ಸಲ್ಲಿನ ಮೇಲೆ, ನೆಲದ ಮಟ್ಟದಲ್ಲಿ. ಹಿಂದಿನ ತುದಿಯಲ್ಲಿಟ್ಟರೆ ಮೂತಿ ಹಗುರಾಗಿ ಮೋಟಾರ್‌ವೇಯಲ್ಲಿ ಗಾಡಿ ಬಾಲ ಆಡಿಸುತ್ತದೆ.

ಬಾರೋಡೇಲ್‌ನಿಂದ ಹೊರಡುವಾಗ ಬಟ್ಟೆ ನೀರು ಸುರಿಯುತ್ತಿತ್ತು. ಅಲ್ಲಿ ಅದು ಮಾಮೂಲು. ಹಾಗೇ ಸುತ್ತಿ ತಂದು, ಅದೇ ಸಂಜೆ ಗ್ಯಾರೇಜಿನಲ್ಲಿ ಉದ್ದಕ್ಕೆ ಹಗ್ಗ ಕಟ್ಟಿ ಹರಡಿದೆವು. ಒಂದೆರಡು ದಿನ ಒದ್ದೆಯಾಗಿ ಸುತ್ತಿಟ್ಟರೆ ಸಾಕು, ಬೂಷ್ಟು ಹಿಡಿಯುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಹೊಲಿಗೆ, ಜಿಪ್ಪಿನ ಪಟ್ಟಿ, ಮಡ್‌ಫ್ಲ್ಯಾಪ್ ತೇವ ಇರುತ್ತವೆ. ಅವು ಒಣಗುವವರೆಗೆ ಚೀಲಕ್ಕೆ ಹಾಕುವಂತಿಲ್ಲ.

ಗೂಟದ ಚೀಲದ ಬಾಯಿಯ ಒಳಬದಿಗೆ ಒಟ್ಟು ಲೆಕ್ಕ ಬರೆದಿದ್ದೇನೆ. ಹೊರಡುವ ಮೊದಲು ಮಗಳು ಎಣಿಸುತ್ತಾಳೆ. ಒಂದು ಕಡಿಮೆ ಬಂದರೂ ಹುಲ್ಲಿನಲ್ಲಿ ಹುಡುಕುವುದೇ, ಹುಲ್ಲು ಕೊಯ್ಯುವ ಯಂತ್ರಕ್ಕೆ ಅದು ಸಿಗಬಾರದು. ಇನ್ನು ಬಾಕಿ ಇರುವುದು ಎಡಗಡೆ ಕಿಟಕಿಯ ಮೂಲೆಯ ಸೀಳು. ಸದ್ಯಕ್ಕೆ ಎರಡೂ ಕಡೆಯಿಂದ ಪಾರದರ್ಶಕ ತೇಪೆ ಟೇಪ್ ಹಾಕಿದೆ. ಈಸ್ಟರ್‌ಗೆ ಮೊದಲು ಆ ಹಾಳೆಯನ್ನೇ ಬಿಚ್ಚಿ ಹೊಸದು ಹೊಲಿಸಬೇಕು. ನಮ್ಮ ಹೊಲಿಗೆ ಮೆಷಿನ್ನಿನ ಸೂಜಿ ಅದನ್ನು ದಾಟುತ್ತದೋ ಇಲ್ಲವೋ ನೋಡಬೇಕು.